ಉಪ್ಪುನೀರಿನ ಚೂರಿ: ಕಮಾನುಪಟ್ಟಿಯೋ, ಸ್ಟೇನ್‌ಲೆಸ್ಸೋ?

ಗಂಗೊಳ್ಳಿಯ ಅಳಿವೆಯಿಂದ ನಾಡದೋಣಿಯಲ್ಲಿ ಹೊರಡುವ ನನಗೆ ಹಗ್ಗ ತುಂಡರಿಸಲು, ಬಲೆಯ ಸಿಕ್ಕು ಕೊಯ್ಯಲು, ಬಂಗುಡೆ ಸೀಳಲು ಒಂದು ಚೂರಿ ಬೇಕಿತ್ತು. ಎರಡನ್ನು ಕೈಯಾರೆ ಮಾಡಿಕೊಂಡೆ. ಒಂದು ಗುಜರಿಯಲ್ಲಿ ಸಿಕ್ಕ ಜೀಪಿನ ಕಮಾನುಪಟ್ಟಿಯದು (ಗಾಡಿಯ ಭಾರ ಹೊರುವ ಬಾಗಿದ ಸ್ಪ್ರಿಂಗ್ ಉಕ್ಕಿನ ಪಟ್ಟಿ), ಇನ್ನೊಂದು ಕೊಂಡು ತಂದ 440ಸಿ ಎಂಬ ಬಗೆಯ ಸ್ಟೇನ್‌ಲೆಸ್ ಪಟ್ಟಿಯದು. ಎರಡರ ಅಲಗೂ 10 ಸೆಂಟಿಮೀಟರ್ ಉದ್ದ, 3 ಮಿಲಿಮೀಟರ್ ದಪ್ಪ. ಹೊಯ್ದಾಡುವ ದೋಣಿಯಲ್ಲಿ ಯಾರ ತೊಡೆಗೂ ಚುಚ್ಚಬಾರದೆಂದು ಎರಡರ ತುದಿಯನ್ನೂ ಮೊಂಡು ಮಾಡಿದ್ದೆ.

ತಯಾರಿಕೆಯ ಮಟ್ಟಿಗೆ ಕಮಾನುಪಟ್ಟಿಗೆ ಸಾಟಿಯಿಲ್ಲ. ಅಯಸ್ಕಾಂತ ಅಂಟದಷ್ಟು, ಅಂದರೆ ಸುಮಾರು 770 ಡಿಗ್ರಿ ದಾಟಿ ಇನ್ನೂ ತುಸು ಹೆಚ್ಚು, ಕುಲುಮೆಯಲ್ಲಿ ಕಾಯಿಸಿ, ಬೆಚ್ಚಗಿನ ಕಡಲೆಕಾಯಿ ಎಣ್ಣೆಯಲ್ಲಿ ಅದ್ದಿ, ಅರ ಜಾರುವಷ್ಟು ಗಟ್ಟಿಯಾದ ಅಲಗನ್ನು ಅಡುಗೆಮನೆಯ ಓವನ್ನಿನಲ್ಲಿ 200 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಹದ ಬಂದಂತೆಯೇ. (ಕುಲುಮೆಯವರು ನೀರಿನಲ್ಲೇ ಅದ್ದೋಣವೆಂದು ಹಟ ಹಿಡಿದರು, ಈ ಉಕ್ಕು ನೀರಿನಲ್ಲಿ ಬಿರುಕು ಬಿಡುವ ಅಪಾಯವಿರುವುದರಿಂದ ನಾನು ಒಪ್ಪಲಿಲ್ಲ.) 440ಸಿ ಹಾಗಲ್ಲ. ಅದನ್ನು ಗಾಳಿ ತಾಕದಂತೆ 1,000 ಡಿಗ್ರಿಗೂ ಮೇಲೆ ಹಿಡಿದಿಡಬೇಕಾದ್ದರಿಂದ ಹದ ಹಾಕಿಸಲು ಹೊರಗೆ ಕಳುಹಿಸಿದೆ. ಮೊದಲ ಅಲಗು ಬಾಳೆಕಾಯಿಯಂತೆ ಬಾಗಿ ಬಂದದ್ದರಿಂದ ಎರಡನೆಯದನ್ನು ಮಾಡಬೇಕಾಯಿತು.

ಪರೀಕ್ಷೆ ಶುರುವಾದದ್ದು ಯಾಂತ್ರೀಕೃತ ದೋಣಿಗಳು ದಡದಲ್ಲಿರುವ ಜೂನ್, ಜುಲೈ ತಿಂಗಳುಗಳಲ್ಲಿ, ಅಂದರೆ ಒರೆಸಲು ಒಣಬಟ್ಟೆಯೂ ಸಿಗದ ಕಾಲದಲ್ಲಿ. ಕಮಾನುಪಟ್ಟಿಯ ಅಲಗಿಗೆ ಒಂದೇ ರಾತ್ರಿಯಲ್ಲಿ ಕಿತ್ತಳೆ ಬಣ್ಣ ಬಂತು. ಕೊಬ್ಬರಿ ಎಣ್ಣೆ ಸವರಿದರೆ ಮೈಯೇನೋ ಉಳಿಯುತ್ತದೆ. ಆದರೆ ಎರಡು ದಿನ ಮರೆತರೆ ಬಾಯಿಯನ್ನೇ ತುಕ್ಕು ತಿಂದು, ಏನನ್ನೂ ಕೊಯ್ಯದೆಯೇ ಚೂರಿ ಮೊಂಡಾಗಿರುತ್ತದೆ. ಹಾಗಿದ್ದರೂ ಒರಟು ಸಾಣೆಕಲ್ಲಿನ ಮೇಲೆ ಹತ್ತು ಸಲ ಎಳೆದರೆ ಸಾಕು, 12 ಮಿಲಿಮೀಟರ್ ನೈಲಾನ್ ಹಗ್ಗ ಒಂದೇ ಎಳೆತಕ್ಕೆ ತುಂಡಾಗುತ್ತಿತ್ತು. ನುಣ್ಣಗೆ ಹೊಳಪಿಸಿದ್ದ ಸ್ಟೇನ್‌ಲೆಸ್ ಬಾಯಿ ಅದೇ ಹಗ್ಗದ ಮೇಲೆ ಜಾರಿತು; ಅದನ್ನೂ ಒರಟುಗೊಳಿಸಿದ ಮೇಲೆ ವ್ಯತ್ಯಾಸ ಬಹುಪಾಲು ಅಳಿಸಿಹೋಯಿತಾದರೂ, ಅಷ್ಟು ಮಾಡಲು ಕಾಲು ಗಂಟೆ ಉಜ್ಜಬೇಕಾಯಿತು.

ನಾನು ನಿಜವಾಗಿ ಏಮಾರಿದ್ದು ಹಿಡಿಯಲ್ಲಿ. ಎರಡಕ್ಕೂ ಬೀಟೆಮರದ ಪಟ್ಟಿ ಕೂರಿಸಿ ಹಿತ್ತಾಳೆಯ ಮೊಳೆ ಹೊಡೆದಿದ್ದೆ. ಮಾರ್ಚ್‌ನಲ್ಲಿ ಬಿಚ್ಚಿ ನೋಡಿದರೆ, ಕಮಾನುಪಟ್ಟಿಯ ಮೇಲಿನ ತುಕ್ಕು ಹಪ್ಪಳದಂತೆ ಪದರುಪದರಾಗಿ ಎದ್ದು ಬಂತು. ಉಪ್ಪುನೀರಿನಲ್ಲಿ ಹಿತ್ತಾಳೆಯೊಡನೆ ತಾಗಿದ ಕಬ್ಬಿಣವೇ ಮೊದಲು ಕರಗುವುದರಿಂದ, ಮೊಳೆಗಳ ಸುತ್ತ ಬೆರಳುಗುರು ಇಳಿಯುವಷ್ಟು ಹಳ್ಳ ಬಿದ್ದಿತ್ತು. 16ರಿಂದ 18 ಶೇಕಡಾ ಕ್ರೋಮಿಯಂ ಇರುವ ಸ್ಟೇನ್‌ಲೆಸ್ ಕೂಡ ಪಾರಾಗಿರಲಿಲ್ಲ. ಅದನ್ನು ಕಾಯುವ ತೆಳುಪದರ ಉಳಿಯಲು ಆಮ್ಲಜನಕ ಬೇಕು, ಮರದಡಿ ಸಿಕ್ಕಿಕೊಂಡ ನೀರಿನಲ್ಲಿ ಅದು ಸಿಗದು. ಅಲ್ಲಿ ಸೂಜಿ ಚುಚ್ಚಿದಂಥ ಕಪ್ಪು ಚುಕ್ಕೆಗಳಾಗಿದ್ದವು.

ಆದ್ದರಿಂದ ಎರಡರ ಮರವನ್ನೂ ಕಿತ್ತು, ಬೇಕೆಂದಾಗ ಬಿಚ್ಚಿ ಸಿಹಿನೀರಿನಲ್ಲಿ ತೊಳೆಯಲು ಬರುವಂತೆ ಬರಿಯ ಬಲೆಹುರಿ ಸುತ್ತಿದ್ದೇನೆ. ಉಪ್ಪು ಹೀರಿ ಸದಾ ತೇವವಾಗಿರುತ್ತಿದ್ದ ಚರ್ಮದ ಒರೆಯ ಬದಲು, ಪಿವಿಸಿ ಪೈಪನ್ನು ಕಾಯಿಸಿ ಚಪ್ಪಟೆ ಮಾಡಿ, ನೀರಿಳಿಯಲು ತಳದಲ್ಲಿ ತೂತು ಕೊರೆದ ಒರೆ ಬಂದಿದೆ. ದಿನವೂ ಕೈಗೆ ಬಂದು ದಿನವೂ ಕಲ್ಲು ಕಾಣುವ ಕಮಾನುಪಟ್ಟಿಯದು ಈಗ ನನ್ನ ಸೊಂಟದಲ್ಲಿದೆ. ತಿಂಗಳುಗಟ್ಟಲೆ ಯಾರೂ ಮುಟ್ಟದ, ಆದರೆ ಕಾಲಿಗೆ ಹಗ್ಗ ಸುತ್ತಿಕೊಂಡ ಕ್ಷಣದಲ್ಲಿ ಹರಿತವಾಗಿಯೇ ಇರಬೇಕಾದ ಸ್ಟೇನ್‌ಲೆಸ್ ಚೂರಿಯನ್ನು ದೋಣಿಯ ಹಿಂಬದಿಗೆ ಕಟ್ಟಿಟ್ಟಿದ್ದೇನೆ.