ಟೆಕ್ಸಾಸ್‌ನ ಬೇಟೆ ತರಗತಿ: ಮಗಳ ಜೊತೆ ಒಂದು ಶನಿವಾರ

ನಾನು ಕೊಡಗಿನವಳು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್‌ಪೂ ಅನ್ನೋ ಹೂ ಮುಡಿಸಿ ಪೂಜೆ ಮಾಡುವ ಮನೆಯಲ್ಲಿ ಬೆಳೆದೆ. ಅಪ್ಪ ತೋಟದಿಂದ ಬಂದರೆ ಮೆಟ್ಟಿಲ ಹತ್ತಿರವೇ ಜೋಡುನಳಿಗೆ ಕೋವಿ ಮಡಚಿ, ತೋಟೆ ತೆಗೆದು ಜೇಬಿಗೆ ಹಾಕಿ, ಆಮೇಲೆ ಒಳಗೆ ಕಾಲಿಡುತ್ತಿದ್ದರು.

ಈಗ ನಾವಿರುವುದು ಆಸ್ಟಿನ್ ಹತ್ತಿರ. ನಮ್ಮ ಮನೆಯಲ್ಲಿ ಕೋವಿ ಇಲ್ಲ, ಆದರೆ ಮಗಳ ಗೆಳತಿಯರ ಮನೆಗಳಲ್ಲಿ ಇದೆ. ಹನ್ನೊಂದು ವರ್ಷದವಳಿಗೆ ಇದೆಲ್ಲ ಗೊತ್ತಿರಲಿ ಅಂತ ಬೇಟೆಯ ಸುರಕ್ಷತೆ, ನಿಯಮ ಕಲಿಸುವ ಹಂಟರ್ ಎಜುಕೇಶನ್ ತರಗತಿಗೆ ಸೇರಿಸಿ, ನಾನೂ ಕೂತೆ.

ಇಲ್ಲಿ 1971ರ ಸೆಪ್ಟೆಂಬರ್ 2ರಿಂದ ಈಚೆಗೆ ಹುಟ್ಟಿದವರಿಗೆ ಬೇಟೆಗೆ ಹೋಗಲು ಈ ತರಬೇತಿ ಬೇಕು. 9 ವರ್ಷ ತುಂಬಿದ ಮಕ್ಕಳಿಗೆ ಸರ್ಟಿಫಿಕೇಟ್ ಸಿಗುತ್ತದೆ. 17 ತುಂಬಿದವರು ಎಲ್ಲವನ್ನೂ ಆನ್‌ಲೈನ್‌ನಲ್ಲೇ ಮುಗಿಸಬಹುದು. ನಾವು ಕೊಟ್ಟಿದ್ದು ತಲೆಗೆ 15 ಡಾಲರ್.

ಕಲಿಸಿದವರು ಎಪ್ಪತ್ತರ ಹತ್ತಿರದ ಒಬ್ಬ ಅಜ್ಜ. ಸಂಬಳವಿಲ್ಲದೆ ಬರುತ್ತಾರೆ. ಮೊದಲ ಒಂದು ಗಂಟೆ ಯಾರಿಗೂ ಕೋವಿ ಮುಟ್ಟಲು ಬಿಡಲಿಲ್ಲ. ಆಮೇಲೆ ಒಂದು ರೈಫಲ್ ತಂದು, "ಖಾಲಿ ಇದೆ, ಹಿಡ್ಕೋ" ಅಂತ ಮಗಳ ಕಡೆ ಚಾಚಿದರು. ಅವಳು ತೆಗೆದುಕೊಂಡಳು. ಕೂಡಲೇ ವಾಪಸ್ ಪಡೆದು, "ನನ್ನ ಮಾತು ನಂಬಬೇಡ. ನೀನೇ ನೋಡು" ಅಂದರು. ಎರಡನೇ ಸಲ ಅವಳು ನಳಿಗೆಯನ್ನು ನೆಲಕ್ಕೆ ತಿರುಗಿಸಿ, ಬೋಲ್ಟ್ ಎಳೆದು, ಬಗ್ಗಿ ನೋಡಿ, ತೋಟೆ ಕೂರುವ ಜಾಗಕ್ಕೆ ಕಿರುಬೆರಳು ಹಾಕಿ ಮುಟ್ಟಿ ನೋಡಿದಳು. ನನಗೆ ಅಪ್ಪನ ಮೆಟ್ಟಿಲು ನೆನಪಾಯಿತು.

ಮಧ್ಯಾಹ್ನ ಕಾಡುದಾರಿಯಲ್ಲಿ ನಡೆಸಿದರು. ಅಲ್ಲಲ್ಲಿ ಪ್ಲಾಸ್ಟಿಕ್ ಜಿಂಕೆಗಳು. ದಿಬ್ಬದ ತುದಿಯಲ್ಲಿ ಒಂದು, ಹಿಂದೆ ಬರೀ ಆಕಾಶ. ಮಕ್ಕಳೆಲ್ಲ "ಹೊಡೀಬಹುದು" ಅಂದರು. "ಗುರಿ ತಪ್ಪಿದರೆ ಗುಂಡು ಎಲ್ಲಿಗೆ ಹೋಗುತ್ತೆ?" ಅಂದರು ಅಜ್ಜ. ಯಾರೂ ಮಾತಾಡಲಿಲ್ಲ. ಚಿಕ್ಕ .22 ಗುಂಡು ಕೂಡ ಒಂದು ಮೈಲಿಗಿಂತ ಜಾಸ್ತಿ ಹೋಗಬಲ್ಲದಂತೆ. ಮುಂದಿನ ಜಿಂಕೆ ಪೊದೆಯ ಹಿಂದೆ ಅರ್ಧ ಮರೆಯಾಗಿತ್ತು. ಮಗಳು ತಾನಾಗೇ, "ಬೇಡ, ಗಾಯ ಆಗಿ ಓಡಿಹೋಗುತ್ತೆ" ಅಂದಳು. ಇಡೀ ದಿನದಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಇದೇ, ಯಾವಾಗ ಹೊಡೆಯಬಾರದು ಅನ್ನೋದನ್ನು ಇಷ್ಟು ತಾಳ್ಮೆಯಿಂದ ಕಲಿಸಿದ್ದು. ಬಿದ್ದ ಪ್ರಾಣಿಯನ್ನು ಹುಡುಕದೆ ಬಿಡುವುದು, ಮಾಂಸ ಹಾಳು ಮಾಡುವುದು ಇಲ್ಲಿ ಅಪರಾಧ. ನಮ್ಮೂರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಬೇಟೆಗೆ ಅವಕಾಶವೇ ಇಲ್ಲ. ಹಾಗಾಗಿ ನನಗೆ ಕೋವಿ ಹಿಡಿಯೋದು ಗೊತ್ತಿತ್ತು, ಈ ನೀತಿ ಗೊತ್ತಿರಲಿಲ್ಲ.

ಒಂದು ಕೊರತೆ ಹೇಳಲೇಬೇಕು. ಕೊನೆಗೆ ಗುಂಡು ಹಾರಿಸುವಾಗ ಆ ಜಾಗದವರ ಹತ್ತಿರ ಮಕ್ಕಳ ಅಳತೆಯ ಕಿವಿಮುಚ್ಚುಗ ಇರಲಿಲ್ಲ. ದೊಡ್ಡವರದ್ದು ಮಗಳ ತಲೆಯಿಂದ ಜಾರುತ್ತಿತ್ತು. ಇನ್ನೊಂದು ಮಗುವಿನ ತಾಯಿ ತಮ್ಮದು ಕೊಡುವ ತನಕ ನಾನು ಅವಳನ್ನು ಮುಂದೆ ಹೋಗಲು ಬಿಡಲಿಲ್ಲ. ನೀವು ಸ್ವಂತದ್ದು ತೆಗೆದುಕೊಂಡೇ ಹೋಗಿ. ಮೀನು ಹಿಡಿಯೋದರ ಬಗ್ಗೆ ಹತ್ತು ನಿಮಿಷವೂ ಮಾತಾಡಲಿಲ್ಲ, ಅದೂ ಸ್ವಲ್ಪ ಬೇಸರವೇ.

ಆದರೆ ಕಲಿತದ್ದು ಅಲ್ಲಿಗೇ ನಿಲ್ಲಲಿಲ್ಲ. ಮುಂದಿನ ಭಾನುವಾರ ಕೆರೆಯಲ್ಲಿ ಅವಳ ಗಾಳಕ್ಕೆ ಬಾಸ್ ಮೀನು ಸಿಕ್ಕಿತು. ಕೈ ಒದ್ದೆ ಮಾಡಿಕೊಂಡು ಹಿಡಿದು ಅಳೆದಳು: 12 ಇಂಚು. ಆ ಕೆರೆಯಲ್ಲಿ ಮೀನು ಇಟ್ಟುಕೊಳ್ಳಬೇಕಾದರೆ 14 ಇಂಚಾದರೂ ಇರಬೇಕು. ನಾನು ಹೇಳುವ ಮೊದಲೇ ನೀರಿಗೆ ಬಿಟ್ಟಳು.

ಸೆಪ್ಟೆಂಬರ್ 1ಕ್ಕೆ ಬೆಳವಕ್ಕಿ ಬೇಟೆ ಶುರುವಾಗುತ್ತದೆ. ಮಕ್ಕಳನ್ನು ಸೇರಿಸುವುದಿದ್ದರೆ ಬೇಸಿಗೆ ರಜೆಯಲ್ಲೇ ಹೆಸರು ಬರೆಸಿ. ಸಾಧ್ಯವಾದರೆ ನೀವೂ ಪಕ್ಕದಲ್ಲಿ ಕೂತುಕೊಳ್ಳಿ.