ವಿಎಚ್‌ಎಸ್ ಕ್ಯಾಸೆಟ್ ಕಂಪ್ಯೂಟರ್‌ಗೆ ಇಳಿಸಲು ಎಷ್ಟು ಜಿಬಿ ಬೇಕು?

ಕರಾವಳಿಯಲ್ಲಿ ವಿಎಚ್‌ಎಸ್ ಕ್ಯಾಸೆಟ್ ಇಟ್ಟುಕೊಂಡವರಿಗೆ ಇದು ಗೊತ್ತಿರುತ್ತದೆ: ಒಂದೆರಡು ಮಳೆಗಾಲ ಕಪಾಟು ತೆಗೆಯದಿದ್ದರೆ ಟೇಪಿನ ಅಂಚಿಗೆ ಬಿಳಿ ಬೂಸ್ಟು ಹಿಡಿಯುತ್ತದೆ. ನಮ್ಮನೆಯಲ್ಲಿ ಇರುವುದು ಹೆಚ್ಚಾಗಿ ಯಕ್ಷಗಾನದ ಕ್ಯಾಸೆಟ್‌ಗಳು, ಜೊತೆಗೆ ಒಂದೆರಡು ಮದುವೆ. ಇವನ್ನು ಇಳಿಸುವಾಗ ಗಂಟೆಗೆ 2 ಜಿಬಿ ಸಾಕಾಗಬಹುದು, 75 ಜಿಬಿಯೂ ಬೇಕಾಗಬಹುದು. ಎಲ್ಲ ನಾವು ಆರಿಸುವ ಫಾರ್ಮ್ಯಾಟ್ ಮೇಲೆ ನಿಂತಿದೆ. ಅದಕ್ಕೇ ಅದೇ ವಿಸಿಆರ್, ಅದರ ಚಿತ್ರವನ್ನು ಕಂಪ್ಯೂಟರ್‌ಗೆ ಕಳಿಸುವ ಅದೇ ಯುಎಸ್‌ಬಿ ಕ್ಯಾಪ್ಚರ್ ಸ್ಟಿಕ್ ಇಟ್ಟುಕೊಂಡು ಒಂದೊಂದನ್ನೂ ಪರೀಕ್ಷಿಸಿ ನೋಡಿದೆ.

ಮೊದಲನೆಯದು ಏನೂ ಕುಗ್ಗಿಸದ ವಿಡಿಯೊ. ನಮ್ಮ ದೇಶದ ಟಿವಿ, ವಿಸಿಆರ್‌ಗಳ ಪಾಲ್ ಪದ್ಧತಿಯಲ್ಲಿ ಒಂದು ಫ್ರೇಮ್‌ಗೆ 720 x 576 ಚುಕ್ಕೆ, ಚುಕ್ಕೆಗೆ 2 ಬೈಟ್, ಸೆಕೆಂಡಿಗೆ 25 ಫ್ರೇಮ್. ಗುಣಿಸಿದರೆ ಸೆಕೆಂಡಿಗೆ 20.7 ಎಂಬಿ. ಆಡಿಯೊ ಸೇರಿದರೆ ಗಂಟೆಗೆ 75 ಜಿಬಿ. ಮೂರು ಗಂಟೆಯ ಇ-180 ಕ್ಯಾಸೆಟ್ ಒಂದಕ್ಕೇ 225 ಜಿಬಿ ಹೋಯ್ತು. ಇದರ ಅಗತ್ಯವೇ ಇಲ್ಲ, ಯಾಕೆಂದರೆ ಎರಡನೆಯ ದಾರಿಯಲ್ಲಿ ಇದೇ ಚಿತ್ರ ಅರ್ಧಕ್ಕಿಂತ ಕಮ್ಮಿ ಜಾಗದಲ್ಲಿ ಕೂರುತ್ತದೆ.

ಅದು ಲಾಸ್‌ಲೆಸ್, ಅಂದರೆ ಏನೂ ಕಳೆಯದೆ ಕುಗ್ಗಿಸುವುದು. ಹಫ್‌ವೈಯುವಿ, ಎಫ್‌ಎಫ್‌ವಿ1 ಈ ಬಗೆಯ ಫಾರ್ಮ್ಯಾಟ್‌ಗಳು. ಜಿಪ್ ಫೈಲಿನ ಹಾಗೆ, ಬಿಚ್ಚಿದಾಗ ಒಂದು ಚುಕ್ಕೆಯೂ ಬದಲಾಗಿರುವುದಿಲ್ಲ. ನನಗೆ ಬಂದದ್ದು ಗಂಟೆಗೆ 25ರಿಂದ 35 ಜಿಬಿ. ಈ ವ್ಯತ್ಯಾಸ ಯಾಕೆ ಅನ್ನುವುದು ಸ್ವಾರಸ್ಯದ ವಿಷಯ. ಹಗಲು ಬೆಳಕಿನಲ್ಲಿ ತೆಗೆದ ಮದುವೆ ಕಮ್ಮಿ ಜಾಗ ಹಿಡಿಯಿತು. ರಾತ್ರಿ ಬಯಲಾಟದ ಟೇಪು ಜಾಸ್ತಿ ಹಿಡಿಯಿತು. ರಂಗಸ್ಥಳದ ಹಿಂದಿನ ಕತ್ತಲು ನಮ್ಮ ಕಣ್ಣಿಗೆ ಬರೀ ಕಪ್ಪು, ಆದರೆ ಟೇಪಿನಲ್ಲಿ ಅಲ್ಲೆಲ್ಲ ಸಣ್ಣ ಸಣ್ಣ ಕಾಳು ಕುಣಿಯುತ್ತಿರುತ್ತವೆ. ಕಂಪ್ಯೂಟರ್‌ಗೆ ಅದು ಗಲೀಜು ಅಂತ ಗೊತ್ತಿಲ್ಲ, ಅದನ್ನೂ ಒಂದೂ ಬಿಡದೆ ಬರೆದಿಡುತ್ತದೆ. ಹಾಗಾಗಿ ಟೇಪಿನಲ್ಲಿ ಕಾಳು ಹೆಚ್ಚಿದಷ್ಟೂ ಜಾಗ ಜಾಸ್ತಿ ಬೇಕು.

ಮೂರನೆಯದು ಡಿವಿ, ಅಂದರೆ ಮಿನಿಡಿವಿ ಕ್ಯಾಮೆರಾಗಳು ಬಳಸುತ್ತಿದ್ದ, ಚಿತ್ರವನ್ನು ಸ್ವಲ್ಪ ಕಳೆದು ಕುಗ್ಗಿಸುವ ಫಾರ್ಮ್ಯಾಟ್. ಚಿತ್ರದಲ್ಲಿ ಏನೇ ಇರಲಿ, ಗಂಟೆಗೆ ಸುಮಾರು 13 ಜಿಬಿ. ಲೆಕ್ಕ ಹಾಕುವುದು ಸುಲಭ, ಹಳೇ ಕಂಪ್ಯೂಟರ್‌ಗೂ ಭಾರ ಅಲ್ಲ. ಬಣ್ಣ ಸ್ವಲ್ಪ ತೆಳುವಾಗುತ್ತದೆ. ವೇಷಧಾರಿಯ ತಲೆಯ ಮೇಲಿನ ಕೇದಗೆ ಮುಂದಲೆಯ ಕೆಂಪು ಅಂಚನ್ನು ಹತ್ತಿರ ಹೋಗಿ ನೋಡಿದರೆ ಹಬ್ಬಿದ ಹಾಗೆ ಕಾಣುತ್ತದೆ. ಆದರೆ ವಿಎಚ್‌ಎಸ್‌ನಲ್ಲೇ ಬಣ್ಣ ಅಷ್ಟಕ್ಕಷ್ಟೇ ಅಲ್ವಾ, ಮಾಮೂಲಿ ದೂರದಲ್ಲಿ ಕೂತು ನೋಡಿದರೆ ಗೊತ್ತಾಗುವುದಿಲ್ಲ. ನಿಮ್ಮ ಹತ್ತಿರ ಇರುವುದು ಮಿನಿಡಿವಿ ಕ್ಯಾಸೆಟ್ ಆದರೆ ಈ ತಲೆಬಿಸಿಯೇ ಬೇಡ. ಅದರೊಳಗಿರುವುದೇ ಡಿವಿ, ಫೈರ್‌ವೈರ್ ಕೇಬಲ್‌ನಲ್ಲಿ ಇದ್ದದ್ದು ಇದ್ದ ಹಾಗೇ ಇಳಿಯುತ್ತದೆ.

ಕೊನೆಯದು, ಸ್ಟಿಕ್ ಜೊತೆ ಬರುವ ಸಾಫ್ಟ್‌ವೇರ್ ನೇರವಾಗಿ ಮಾಡಿಕೊಡುವ ಸಣ್ಣ ಫೈಲು. ಎಂಪೆಗ್-2 ಆದರೆ 8 ಎಂಬಿಪಿಎಸ್‌ಗೆ (ಸೆಕೆಂಡಿಗೆ 8 ಮೆಗಾಬಿಟ್) ಗಂಟೆಗೆ 3.6 ಜಿಬಿ, ಎಚ್.264 ಆದರೆ 4 ಎಂಬಿಪಿಎಸ್‌ಗೆ 1.8 ಜಿಬಿ. ಭಾಗವತರು ಹಾಡುವಾಗ, ಅರ್ಥಗಾರಿಕೆ ನಡೆಯುವಾಗ ಎರಡೂ ಚೆನ್ನಾಗಿವೆ. ತೊಂದರೆ ಶುರುವಾಗುವುದು ಚೆಂಡೆ ಏರಿದಾಗ. ಪುಂಡುವೇಷ (ಚುರುಕಿನ ಯುವ ಪಾತ್ರ) ಧೀಂಗಿಣ (ಹಾರಿ ಗಿರಕಿ ಹೊಡೆಯುವ ಕುಣಿತ) ಹಾಕುವ ಹೊತ್ತಿಗೆ 1.8 ಜಿಬಿಯ ಫೈಲಿನಲ್ಲಿ ಕಾಲು, ಗೆಜ್ಜೆ, ಸೆರಗು ಎಲ್ಲ ಸೇರಿ ಚೌಕ ಚೌಕ ತುಂಡಾಯಿತು. ಕತ್ತಲಿನ ಕಾಳಿಗೇ ಅರ್ಧ ಜಾಗ ಖರ್ಚಾದರೆ ಕುಣಿತಕ್ಕೆ ಉಳಿಯುವುದು ಏನು? ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಪಾಲ್ ವಿಡಿಯೊದಲ್ಲಿ ಸೆಕೆಂಡಿಗೆ 50 ಅರ್ಧ ಚಿತ್ರಗಳಿರುತ್ತವೆ. ಕೆಲವು ಸಾಫ್ಟ್‌ವೇರ್‌ಗಳು ಅವನ್ನು ಎರಡೆರಡು ಕಲಸಿ 25 ಮಾಡಿಬಿಡುತ್ತವೆ. ಧೀಂಗಿಣದ ಚುರುಕು ಅಲ್ಲಿಗೇ ಹೋಯಿತು, ಆಮೇಲೆ ಏನು ಮಾಡಿದರೂ ಆ ಫೈಲಿನಿಂದ ವಾಪಸ್ ಬರುವುದಿಲ್ಲ.

ಡಿಸ್ಕ್ ವಿಷಯ ಬೇಗ ಹೇಳುತ್ತೇನೆ. ವೇಗಕ್ಕಾಗಿ ಎಸ್‌ಎಸ್‌ಡಿ ಕೊಳ್ಳಬೇಕಿಲ್ಲ, ಮಾಮೂಲಿ ಹಾರ್ಡ್ ಡಿಸ್ಕ್ ಧಾರಾಳ ಸಾಕು. ವಿಂಡೋಸ್ ಇರುವ ಡಿಸ್ಕ್ ಬಿಟ್ಟು ಬೇರೆಯದಕ್ಕೆ ರೆಕಾರ್ಡ್ ಮಾಡಿದರೆ ಮಧ್ಯೆ ಫ್ರೇಮ್ ಬಿಟ್ಟುಹೋಗುವುದು ಕಮ್ಮಿ. 1 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ 931 ಜಿಬಿ ಅಂತ ತೋರಿಸುತ್ತದೆ, ಗಾಬರಿ ಬೇಡ. ಡಿಸ್ಕಿನಲ್ಲಿ ಫೈಲು ಜೋಡಿಸುವ ಪದ್ಧತಿ ಹಳೆಯ ಫ್ಯಾಟ್32 ಆಗಿದ್ದರೆ ಮಾತ್ರ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ. ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ, ಡಿವಿ ಆದರೆ 20 ನಿಮಿಷಕ್ಕೇ ಅಷ್ಟಾಗುತ್ತದೆ.

ನನ್ನ ಆಯ್ಕೆ ಲಾಸ್‌ಲೆಸ್. ಒಂದು ಇ-180ಕ್ಕೆ 120 ಜಿಬಿ ಖಾಲಿ ಇಟ್ಟುಕೊಳ್ಳಿ. ಇಳಿಸಿ ಆದಮೇಲೆ ನಿಧಾನಕ್ಕೆ, ಸೆಕೆಂಡಿಗೆ 50 ಫ್ರೇಮ್ ಇರುವ ಎಚ್.264 ಮಾಡಿಕೊಳ್ಳಿ. ಗಂಟೆಗೆ 2-3 ಜಿಬಿಯಲ್ಲಿ ಕುಣಿತ ಉಳಿಯುತ್ತದೆ, ಯಾಕೆಂದರೆ ಈಗ ಕಂಪ್ಯೂಟರ್‌ಗೆ ಅವಸರ ಇಲ್ಲ. ನೆಂಟರಿಗೆ ಕಳಿಸುವುದು ಇದನ್ನೇ. ಜಾಗ ತೀರಾ ಕಮ್ಮಿ ಇದ್ದರೆ ಮದುವೆಗೆ ಡಿವಿ ಸಾಕು. ಆದರೆ ಈಗ ನಮ್ಮೊಂದಿಗೆ ಇಲ್ಲದ ಕಲಾವಿದರ ಆಟದ ಟೇಪು ಇದ್ದರೆ, ದಯವಿಟ್ಟು ಅದರ ಲಾಸ್‌ಲೆಸ್ ಪ್ರತಿ ಅಳಿಸಬೇಡಿ. ಎಫ್‌ಎಫ್‌ವಿ1 ಮಾಡಿ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿ ಹಾಕಿ, ಒಂದನ್ನು ಮನೆಯಲ್ಲಿ ಇಟ್ಟರೆ ಇನ್ನೊಂದನ್ನು ಬೇರೆ ಊರಿನಲ್ಲಿರುವ ಅಕ್ಕನಿಗೋ ತಮ್ಮನಿಗೋ ಕೊಡಿ.