ಹೊರಗಿನಿಂದ ಬಂದವರ ಕಾರಿಗೆ ಇನ್ಶೂರೆನ್ಸ್: ಮೈಸೂರಲ್ಲಿ ಯಾವ ಬಾಗಿಲು ತಟ್ಟಬೇಕು?

ದುಬೈಯಲ್ಲಿ ಹತ್ತು ವರ್ಷ ಇದ್ದು ಈಗ ವಿಜಯನಗರದಲ್ಲಿ ಮನೆ ಮಾಡಿದವರು, ಕಣ್ಣೂರಿನಿಂದ ಕೆಎಲ್ ನಂಬರಿನ ಕಾರಿನಲ್ಲೇ ಕೆಲಸಕ್ಕೆ ಬಂದಿಳಿದವರು, ಯೋಗ ಕಲಿಯಲು ಗೋಕುಲಂನಲ್ಲಿ ತಿಂಗಳುಗಟ್ಟಲೆ ನಿಲ್ಲುವ ವಿದೇಶಿಯರು: ಯಾರೇ ಇನ್ಶೂರೆನ್ಸ್ ಕೇಳಲಿ, ಮೊದಲು ಕೈಗೆ ಬರುವುದು ಒಂದು ಪ್ರೀಮಿಯಂ ಅಂಕಿ. ಅಂಕಿ ಹೇಳುವ ಮುಂಚೆ "ಡಿಎಲ್ ಯಾವ ಊರಿನದು, ಹಳೇ ಪಾಲಿಸಿ ಇದೆಯಾ?" ಎಂದು ಕೇಳುವವರು ಸಿಕ್ಕರೆ ಅಲ್ಲೇ ಕೂತುಬಿಡಿ. ಅಂಥವರು ಕಮ್ಮಿ.

ಥರ್ಡ್ ಪಾರ್ಟಿ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯ ಭಾಗಕ್ಕೆ ಚೌಕಾಸಿ ಇಲ್ಲ. ಅದು ಸರ್ಕಾರ ಗೊತ್ತುಮಾಡಿದ ದರ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿಸಿ ಒಳಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿಸಿವರೆಗೆ 3,416, ಅದಕ್ಕೂ ಮೇಲೆ 7,897. ಹೊಸ ಕಾರಾದರೆ ಮೂರು ವರ್ಷದ್ದು ಒಟ್ಟಿಗೇ ಕಟ್ಟಬೇಕು. "ನಮ್ಮಲ್ಲಿ ಥರ್ಡ್ ಪಾರ್ಟಿನೇ ಕಮ್ಮಿ ಸಾರ್" ಎಂದರೆ ಇನ್ನೇನಕ್ಕೋ ಕತ್ತರಿ ಬಿದ್ದಿದೆ ಅಂತಲೇ ತಿಳಿಯಿರಿ. ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಬರುವುದು ನಮ್ಮ ಕಾರಿಗೇ ಆಗುವ ಹಾನಿಯ ಭಾಗದಲ್ಲಿ, ಅಂದರೆ ಓಡಿ (ಓನ್ ಡ್ಯಾಮೇಜ್) ಪ್ರೀಮಿಯಂನಲ್ಲಿ. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದೆ ವರ್ಷ ಕಳೆದವರಿಗೆ ಸಿಗುವ ರಿಯಾಯಿತಿ, ಕಳೆಯುವುದೂ ಅದರಿಂದಲೇ.

ತಟ್ಟಬಹುದಾದ ಬಾಗಿಲು ಮೂರು. ಮೊದಲು ಆನ್‌ಲೈನ್ ಪೋರ್ಟಲ್‌ಗಳು. ಕೆಎ-09, ಕೆಎ-55 ನಂಬರಿನ ಕಾರು, ತಪ್ಪದೆ ರಿನ್ಯೂ ಆಗಿರುವ ಪಾಲಿಸಿ, ಹೀಗಿದ್ದರೆ ಹತ್ತು ನಿಮಿಷದ ಕೆಲಸ, ಓಡಿ ದರವೂ ಸಾಮಾನ್ಯವಾಗಿ ಅಗ್ಗ. ವಿದೇಶದಿಂದ ಬಂದವರಿಗೆ ಮಾತ್ರ ಇದು ಒಗ್ಗುವುದಿಲ್ಲ. "ಹಿಂದಿನ ಕಂಪನಿ ಯಾವುದು" ಅನ್ನುವ ಪಟ್ಟಿಯಲ್ಲಿ ಭಾರತದ ಕಂಪನಿಗಳಷ್ಟೇ ಇರುತ್ತವೆ. ಬೇರೆ ದಾರಿ ಕಾಣದೆ "ಹಿಂದಿನ ಪಾಲಿಸಿ ಇಲ್ಲ" ಎಂದು ಒತ್ತಿದಿರೋ, ಬೋನಸ್ ಹೋಯಿತು. ಅಂದಾಜಿಗೆ 50 ಪರ್ಸೆಂಟ್ ಎಂದು ಒತ್ತಿದರೆ ಇನ್ನೂ ಕೆಟ್ಟದ್ದು: ಕ್ಲೇಮ್ ಬಂದ ದಿನ ಅದು ಸುಳ್ಳು ಘೋಷಣೆ ಆಗಿಬಿಡುತ್ತದೆ.

ಹೊರದೇಶದಲ್ಲಿ ಗಳಿಸಿದ ಬೋನಸ್ಸನ್ನು ಇಲ್ಲಿ ಕೊಡಲು ಮೋಟಾರ್ ಟ್ಯಾರಿಫ್ ನಿಯಮದಲ್ಲೇ ಅವಕಾಶ ಇದೆ. ಅಲ್ಲಿನ ಪಾಲಿಸಿ ಮುಗಿದ ಮೂರು ವರ್ಷದೊಳಗೆ ಇಲ್ಲಿ ಪಾಲಿಸಿ ಮಾಡಿಸಬೇಕು, ಪುರಾವೆ ಕೊಡಬೇಕು. ಪುರಾವೆ ಎಂದರೆ ಅಲ್ಲಿನ ಕಂಪನಿ ತನ್ನ ಲೆಟರ್‌ಹೆಡ್‌ನಲ್ಲಿ, ಇಷ್ಟು ವರ್ಷ ಕ್ಲೇಮ್ ಇಲ್ಲ ಎಂದು ಬರೆದ ಪತ್ರ. ಅರಬ್ಬಿಯಲ್ಲಿದ್ದರೆ ಇಂಗ್ಲಿಷ್ ಪ್ರತಿಯನ್ನೂ ಕೇಳಿ ಪಡೆಯಿರಿ, ವಿಮಾನ ಹತ್ತುವ ಮುಂಚೆಯೇ. ಬೋನಸ್ ಕಾರಿನದಲ್ಲ, ಪಾಲಿಸಿದಾರರದು. ಹಾಗಾಗಿ ಅಲ್ಲಿ ಕಂಪನಿ ಹೆಸರಿನ ಕಾರು ಓಡಿಸುತ್ತಿದ್ದವರಿಗೆ ಇದು ಸಿಗುವುದಿಲ್ಲ.

ಇದರಲ್ಲಿ ಉಳಿಯುವುದೆಷ್ಟು? 1200 ಸಿಸಿ ಕಾರಿಗೆ ಓಡಿ 9,000 ರೂಪಾಯಿ ಎಂದಿಟ್ಟುಕೊಳ್ಳಿ. ಥರ್ಡ್ ಪಾರ್ಟಿ 3,416 ಸೇರಿ 12,416. 18 ಪರ್ಸೆಂಟ್ ಜಿಎಸ್‌ಟಿ ಬಿದ್ದು 14,651. 50 ಪರ್ಸೆಂಟ್ ಬೋನಸ್ ಒಪ್ಪಿದರೆ ಓಡಿ 4,500ಕ್ಕೆ ಇಳಿದು ಒಟ್ಟು 9,341. ಒಂದು ಪತ್ರಕ್ಕೆ 5,310 ರೂಪಾಯಿ. ಬೋನಸ್ಸಿನ ಮೆಟ್ಟಿಲು ಇಲ್ಲಿಯದೇ: 20, 25, 35, 45, 50. ಅಲ್ಲಿ 60 ಇತ್ತು ಎಂದರೂ 50ಕ್ಕೇ ನಿಲ್ಲುತ್ತದೆ.

ಇನ್ನು ಶೋರೂಂ ಕೌಂಟರ್. ಹುಣಸೂರು ರಸ್ತೆಯಲ್ಲೋ ಹೆಬ್ಬಾಳದಲ್ಲೋ ಕಾರು ತಗೊಂಡರೆ ಇನ್ಶೂರೆನ್ಸ್ ಅಲ್ಲೇ ಮಾಡಿಸಿ ಎನ್ನುತ್ತಾರೆ. ಕಡ್ಡಾಯವಲ್ಲ, ಬೇಡ ಎನ್ನಬಹುದು. ಅನುಕೂಲ ಒಂದಿದೆ: ಗುದ್ದಿದ ಕಾರು ಅದೇ ವರ್ಕ್‌ಶಾಪಿಗೆ ಹೋಗುವುದರಿಂದ ಕ್ಯಾಶ್‌ಲೆಸ್ (ರಿಪೇರಿ ದುಡ್ಡನ್ನು ಕಂಪನಿಯೇ ನೇರ ಗ್ಯಾರೇಜಿಗೆ ಕಟ್ಟುವುದು) ಸಲೀಸು. ದರ ಮಾತ್ರ ದುಬಾರಿ. ವಿದೇಶದ ಬೋನಸ್ ಪತ್ರ ತೋರಿಸಿದರೆ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. "ಕಂಪನಿಯ ಅಂಡರ್‌ರೈಟರ್‌ಗೆ ಮೇಲ್ ಹಾಕಿ" ಎಂದು ಪಟ್ಟು ಹಿಡಿಯಬೇಕು; ಪಾಲಿಸಿಯ ಶರತ್ತು, ದರ ಒಪ್ಪುವ ಅಧಿಕಾರಿ ಅವರೇ. ಡೆಲಿವರಿಯ ದಿನ ಅದು ಆಗುವ ಮಾತಲ್ಲ, ಒಂದು ವಾರ ಮುಂಚೆ ಹೇಳಿ.

ಮೂರನೆಯದು ಸರ್ಕಾರಿ ಕಂಪನಿಗಳ ಶಾಖೆ, ಇಲ್ಲವೇ ಹಳೇ ಏಜೆಂಟ್. ಆ್ಯಪ್ ಹಳೇ ಕಾಲದ್ದು, ಊಟದ ಹೊತ್ತಿಗೆ ಹೋದರೆ ಕುರ್ಚಿ ಖಾಲಿ. ಆದರೂ ಹೊರಗಿನಿಂದ ಬಂದವರ ಮೊದಲ ವರ್ಷಕ್ಕೆ ನಮ್ಮ ಓಟು ಇದಕ್ಕೇ. ಕಾಗದ ಓದಿ ನಿರ್ಧಾರ ಮಾಡುವ ಮನುಷ್ಯರು ಎದುರಿಗಿರುತ್ತಾರೆ. ಎರಡನೇ ವರ್ಷದಿಂದ ನಿಮ್ಮ ಬೋನಸ್ ಭಾರತದ ಪಾಲಿಸಿಯಲ್ಲೇ ಅಚ್ಚಾಗಿರುತ್ತದೆ, ಆಗ ಆನ್‌ಲೈನ್‌ಗೆ ಹೋಗಿ.

ನಿಜವಾಗಿ ಕೈಕೊಡುವುದು ಡಿಎಲ್. ಪ್ರೀಮಿಯಂ ಕಟ್ಟಿಸಿಕೊಳ್ಳುವಾಗ ಅದನ್ನು ಯಾರೂ ಸರಿಯಾಗಿ ನೋಡುವುದಿಲ್ಲ, ಅಪಘಾತದ ಮೇಲೆ ಹಾನಿ ಅಳೆಯಲು ಬರುವ ಸರ್ವೇಯರ್ ಮೊದಲು ಕೇಳುವುದೇ ಅದನ್ನು. ಗಲ್ಫಿಗೆ ಹೋಗುವ ಮುಂಚೆ ಮಾಡಿಸಿದ ಇಲ್ಲಿನ ಲೈಸೆನ್ಸ್ ಅಲ್ಲಿದ್ದಾಗಲೇ ಮುಗಿದಿರುತ್ತದೆ. 2019ರ ತಿದ್ದುಪಡಿ ಆದಮೇಲೆ ಹಿಂದಿದ್ದ 30 ದಿನದ ರಿಯಾಯಿತಿ ಇಲ್ಲ. ಮುಗಿದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ರಿನ್ಯೂವಲ್, ದಾಟಿದರೆ ಮತ್ತೆ ಟ್ರ್ಯಾಕ್‌ನಲ್ಲಿ ಟೆಸ್ಟ್. ಲೈಸೆನ್ಸ್ ಊರ್ಜಿತ ಇಲ್ಲದೆ ಗುದ್ದಿದರೆ ನಿಮ್ಮ ಕಾರಿನ ರಿಪೇರಿ ನಿಮ್ಮ ತಲೆಗೆ. ಎದುರಿನವರಿಗೆ ಕಂಪನಿ ಪರಿಹಾರ ಕೊಟ್ಟರೂ ಆ ದುಡ್ಡನ್ನು ನಿಮ್ಮಿಂದ ವಸೂಲಿ ಮಾಡಲು ಕೋರ್ಟು ಬಿಡಬಹುದು. ಇಂಟರ್‌ನ್ಯಾಷನಲ್ ಪರ್ಮಿಟ್‌ನ ಆಯಸ್ಸು ಒಂದೇ ವರ್ಷ. ಅದು ಬಂದು ಹೋಗುವವರಿಗೆ. ನೆಲೆ ನಿಲ್ಲುವವರು ಇಲ್ಲಿನ ಡಿಎಲ್ ಮಾಡಿಸಿಕೊಂಡೇ ಸ್ಟೇರಿಂಗ್ ಹಿಡಿಯಲಿ.

ಗೋಕುಲಂನ ಅತಿಥಿಗಳಿಗೆ ಇನ್ನೊಂದು ಮಾತು. ಪರಿಚಯದವರ ಬಿಳಿ ಬೋರ್ಡ್ ಕಾರನ್ನು ತಿಂಗಳ ಬಾಡಿಗೆಗೆ ಹಿಡಿಯಬೇಡಿ. ಖಾಸಗಿ ಕಾರಿನ ಪಾಲಿಸಿ ಬಾಡಿಗೆ ಓಡಾಟಕ್ಕೆ ಅನ್ವಯಿಸುವುದಿಲ್ಲ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇದ್ದರೆ ಅದು ಸೆಲ್ಫ್ ಡ್ರೈವ್ ಬಾಡಿಗೆಯ ಕಾರು.

ಬೇರೆ ರಾಜ್ಯದ ನಂಬರಿನವರು ಗಾಬರಿ ಬೀಳಬೇಕಿಲ್ಲ, ಪಾಲಿಸಿ ದೇಶದುದ್ದಕ್ಕೂ ನಡೆಯುತ್ತದೆ. 12 ತಿಂಗಳಿಗಿಂತ ಹೆಚ್ಚು ಕಾರು ಇಲ್ಲೇ ಇದ್ದರೆ ಮಾತ್ರ ಹೊಸ ನಂಬರು ಆಗಬೇಕು. ಹಳೇ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ), ಇಲ್ಲಿ ಟ್ಯಾಕ್ಸ್, ಆಮೇಲೆ ಕೆಎ ನಂಬರು. ರಾಜ್ಯ ಬದಲಾದರೂ ನಂಬರು ಬದಲಾಗದ ಬಿಎಚ್ (ಭಾರತ್) ಸೀರೀಸಿಗೆ ಈ ತಾಪತ್ರಯ ಇಲ್ಲ. ಎಡವುವುದು ನಂಬರು ಬಂದ ಮೇಲೆ: ಆರ್‌ಸಿಯಲ್ಲಿ ಕೆಎ-09, ಪಾಲಿಸಿಯಲ್ಲಿ ಇನ್ನೂ ಕೆಎಲ್-13. ಹೊಸ ಆರ್‌ಸಿ ಪ್ರತಿ ಕೊಟ್ಟು ಅದೇ ವಾರ ಎಂಡಾರ್ಸ್‌ಮೆಂಟ್ (ಪಾಲಿಸಿಯಲ್ಲಿ ತಿದ್ದುಪಡಿ) ಮಾಡಿಸಿ. ಈ ಓಡಾಟದ ನಡುವೆ ಇಲ್ಲಿನ ಪಾಲಿಸಿ ಮುಗಿದು 90 ದಿನ ದಾಟಿದರೆ ಬೋನಸ್ ಸೊನ್ನೆ.

ಆ್ಯಡ್-ಆನ್‌ಗಳಲ್ಲಿ (ಹೆಚ್ಚುವರಿ ದುಡ್ಡಿಗೆ ಸೇರಿಸಿಕೊಳ್ಳುವ ರಕ್ಷಣೆಗಳಲ್ಲಿ) ಝೀರೊ ಡೆಪ್, ಅಂದರೆ ಸವಕಳಿ ಕಳೆಯದೆ ಬಿಡಿಭಾಗದ ಬೆಲೆ ಕೊಡುವುದು, ಇರಲಿ. ಇಲ್ಲದಿದ್ದರೆ ಬಂಪರಿನಂಥ ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಬೆಲೆ ನೀವೇ ಕೊಡಬೇಕು. ಬೆಂಗಳೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ಎಂಜಿನ್ ಪ್ರೊಟೆಕ್ಟ್ ಬೇಕೇ ಬೇಕು. 2022ರ ಆಗಸ್ಟ್‌ನಲ್ಲಿ ರಾಮನಗರದ ಬಳಿ ಕಾರುಗಳು ನೀರಿನಲ್ಲಿ ನಿಂತದ್ದು ಎಲ್ಲರೂ ಕಂಡದ್ದೇ. ನೀರಲ್ಲಿ ನಿಂತ ಕಾರನ್ನು ಮತ್ತೆ ಸ್ಟಾರ್ಟ್ ಮಾಡಿ ಎಂಜಿನ್ ಕೆಟ್ಟರೆ ಬರೀ ಫುಲ್ ಇನ್ಶೂರೆನ್ಸ್ ಅದಕ್ಕೆ ಕೊಡುವುದಿಲ್ಲ. ಮಂಡ್ಯದವರು ಕ್ಯಾಶ್‌ಲೆಸ್ ಪಟ್ಟಿಯಲ್ಲಿ ಊರಿನ ಗ್ಯಾರೇಜ್ ಒಂದಾದರೂ ಇದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಪ್ರತಿ ಗೀರಿಗೂ ಮೈಸೂರು ಪ್ರಯಾಣ.

ಪಿಡಿಎಫ್ ಬಂದ ದಿನವೇ ಆರ್‌ಸಿ ಪಕ್ಕದಲ್ಲಿಟ್ಟು ಹೆಸರಿನ ಕಾಗುಣಿತ, ಚಾಸಿ ನಂಬರು, ಇಂಧನ, ಬೋನಸ್ ಪರ್ಸೆಂಟ್ ತಾಳೆ ನೋಡಿ. ಹೊರಗೆ ಹಾಕಿಸಿದ ಸಿಎನ್‌ಜಿ ಕಿಟ್ ಇದ್ದರೆ ಅದರ ಬೆಲೆ ಬೇರೆ ಸಾಲಿನಲ್ಲಿ ಇರಬೇಕು. ಪಾಸ್‌ಪೋರ್ಟಿನಲ್ಲಿ ತಂದೆ ಹೆಸರು ಮುಂದೆ, ಆರ್‌ಸಿಯಲ್ಲಿ ಇನಿಷಿಯಲ್ ಹಿಂದೆ ಇದ್ದರೆ, ಪಾಲಿಸಿ ಆರ್‌ಸಿಯಂತೆಯೇ ಇರಲಿ.